ಬ್ಯಾಂಡ್, ವಾಚ್, ಉಂಗುರ: ನಿಮ್ಮ ಮನೆಗೆ ಯಾವುದು ಹೊಂದುತ್ತದೆ?

"ಅಪ್ಪನಿಗೆ ಒಂದು ಸ್ಮಾರ್ಟ್‌ವಾಚ್ ಕೊಡಿಸಬೇಕು, ಯಾವುದು ತಗೊಳ್ಳಲಿ?" ಈ ಪ್ರಶ್ನೆ ದೀಪಾವಳಿ ಆಫರ್ ಶುರುವಾದಾಗ ಬರುತ್ತದೆ. ಅದಕ್ಕಿಂತ ಜಾಸ್ತಿ ಬರುವುದು, ಯಾರೋ ಗಟ್ಟಿಮುಟ್ಟಾಗಿದ್ದವರು ಹೃದಯಾಘಾತದಿಂದ ಹೋದ ಸುದ್ದಿ ಕೇಳಿದಾಗ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡರು. ಆಮೇಲೆ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ತಪಾಸಣೆಗೆ ಜನ ಮುಗಿಬಿದ್ದರು. 2025ರಲ್ಲಿ ಹಾಸನದಿಂದ ಒಂದರ ಹಿಂದೆ ಒಂದು ಸಾವಿನ ಸುದ್ದಿ ಬಂದಾಗ ಮೈಸೂರಿನ ಜಯದೇವದಲ್ಲೂ ಉದ್ದ ಸಾಲು. ಆ ಭಯ ನಿಜವಾದದ್ದು. ಕೈಗೆ ಏನಾದರೂ ಕಟ್ಟಿಕೊಂಡರೆ ಸ್ವಲ್ಪ ಧೈರ್ಯ ಬರುತ್ತದೆ ಅನ್ನಿಸುವುದೂ ಸಹಜ.

ಹಾಗಾಗಿ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವಾಚ್ ಹೃದಯಾಘಾತ ಹಿಡಿಯುವುದಿಲ್ಲ. ಇಸಿಜಿ ಇರುವ ಆಪಲ್ ವಾಚ್ ಕೂಡ ಹಿಡಿಯುವುದಿಲ್ಲ, ಇದನ್ನು ಆ ಕಂಪನಿಯೇ ಸ್ಪಷ್ಟವಾಗಿ ಹೇಳುತ್ತದೆ. ಎದೆ ಹಿಂಡಿದ ಹಾಗಾಗಿ, ತಣ್ಣಗೆ ಬೆವರಿ, ಕೈಗೋ ದವಡೆಗೋ ನೋವು ಹರಿದರೆ ವಾಚ್ ನೋಡುತ್ತಾ ಕೂರಬೇಡಿ. ಹತ್ತಿರದ ಆಸ್ಪತ್ರೆಗೆ ಹೊರಡಿ. ನಮ್ಮ ರಾಜ್ಯದಲ್ಲಿ ಪುನೀತ್ ಹೆಸರಿನದ್ದೇ 'ಹೃದಯ ಜ್ಯೋತಿ' ಯೋಜನೆ ಇದೆ. ಅದಕ್ಕೆ ಸೇರಿದ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ವೈದ್ಯರಿಗೆ ಕಳಿಸಿ ಕೇಳಿ, ಬೇಕಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ನಿಮ್ಮ ಊರಿಗೆ ಹತ್ತಿರದ ಅಂಥ ಆಸ್ಪತ್ರೆ ಯಾವುದು ಅಂತ ಇವತ್ತೇ ವಿಚಾರಿಸಿ ಇಟ್ಟುಕೊಳ್ಳಿ.

ಹಾಗಾದರೆ ವಾಚ್ ಯಾಕೆ? ದಿನಾ ಒಂದೇ ಥರ, ಮರೆಯದೆ, ಬೇಸರವಿಲ್ಲದೆ ಅಳೆಯುವುದಕ್ಕೆ. ಸುಮ್ಮನೆ ಕೂತಾಗಿನ ನಾಡಿ ನಿನ್ನೆ 68, ಇವತ್ತು 71 ಅಂದರೆ ಅದರಲ್ಲಿ ಏನೂ ಇಲ್ಲ. ಮೂರು ತಿಂಗಳಿಂದ 68ರ ಹತ್ತಿರ ಇದ್ದದ್ದು ಈ ವಾರ 80ಕ್ಕೆ ಏರಿ ಕೂತಿದೆ ಅಂದರೆ ಅದು ವೈದ್ಯರಿಗೆ ಹೇಳಬೇಕಾದ ವಿಷಯ. ಮುಂದೆ ಬರುವ ಹೋಲಿಕೆಯೆಲ್ಲ ಈ ಲೆಕ್ಕದ ಮೇಲೇ ನಿಂತಿದೆ: ದಿನಾ ಕೈಯಲ್ಲಿರುವುದು ಯಾವುದು, ಅದು ಹೇಳುವುದರಲ್ಲಿ ನಂಬಬಹುದಾದದ್ದು ಎಷ್ಟು.

ಅಂಗಡಿಗೆ ಹೋಗುವ ಮೊದಲು

ನಿಮಗೆ ಯಾವ ಒಂದು ಪ್ರಶ್ನೆಗೆ ಉತ್ತರ ಬೇಕು ಅಂತ ಕಾಗದದ ಮೇಲೆ ಬರೆಯಿರಿ. "ಆರೋಗ್ಯ ನೋಡಿಕೊಳ್ಳೋದಕ್ಕೆ" ಅಂತ ಬರೆದರೆ ಸಾಲದು. "ನಾನು ದಿನಕ್ಕೆ ಎಷ್ಟು ನಡೀತೀನಿ?", "ಅಮ್ಮ ಬಚ್ಚಲಲ್ಲಿ ಬಿದ್ದರೆ ನನಗೆ ಗೊತ್ತಾಗಬೇಕು", "ಆಗಾಗ ಎದೆ ಡವಡವ ಅನ್ನುತ್ತದೆ, ಅದೇನು?", "ಮೊದಲ ಸಲ 10 ಕಿಲೋಮೀಟರ್ ಓಡಬೇಕು". ಈ ನಾಲ್ಕು ಪ್ರಶ್ನೆಗೆ ನಾಲ್ಕು ಬೇರೆ ಬೇರೆ ವಸ್ತು ಉತ್ತರ.

ಆಮೇಲೆ ನೋಡಬೇಕಾದದ್ದು ಚಾರ್ಜು. ದಿನಾ ಚಾರ್ಜಿಗೆ ಹಾಕುವ ಅಭ್ಯಾಸ ಇಲ್ಲದವರಿಗೆ ಒಂದೇ ದಿನ ಬರುವ ವಾಚ್ ಕೊಡಿಸಿದರೆ ಅದು ಎರಡನೇ ತಿಂಗಳಿಗೆ ಷೋಕೇಸ್ ಸೇರುತ್ತದೆ. ಮೂರನೆಯದು ಫೋನ್. ಆಪಲ್ ವಾಚ್‌ಗೆ ಐಫೋನ್ ಬೇಕೇ ಬೇಕು. ಸ್ಯಾಮ್‌ಸಂಗ್ ವಾಚ್ ಬೇರೆ ಆಂಡ್ರಾಯ್ಡ್ ಫೋನಿಗೂ ಸೇರುತ್ತದೆ, ಆದರೆ ಅದರ ಇಸಿಜಿ ಮತ್ತು ಬಿಪಿ ನಡೆಯುವುದು ಸ್ಯಾಮ್‌ಸಂಗ್ ಫೋನಿನ ಜೊತೆ ಮಾತ್ರ. ಇದು ಗೊತ್ತಿಲ್ಲದೆ ತಗೊಂಡು ಬೇಜಾರಾದವರನ್ನು ತುಂಬ ನೋಡಿದ್ದೇನೆ. ಕೊನೆಗೆ ಒಟ್ಟು ಖರ್ಚು. ಪಟ್ಟಿ ಹರಿದರೆ ಬದಲಿ ಸಿಗುತ್ತದಾ, ತಿಂಗಳ ಚಂದಾ ಇದೆಯಾ, ಮೂರು ವರ್ಷದ ಮೇಲೆ ಬ್ಯಾಟರಿ ಬದಲಾಯಿಸಬಹುದಾ?

ಯಾವ ಅಂಕಿ ನಂಬಬಹುದು

ವಾಚಿನ ಹಿಂಬದಿ ಮಿಣುಕುವ ಹಸಿರು ಬೆಳಕು ನೋಡಿದ್ದೀರಲ್ವಾ? ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಹೃದಯ ಬಡಿದಾಗ ಮಣಿಕಟ್ಟಿನಲ್ಲಿ ರಕ್ತ ಜಾಸ್ತಿ, ವಾಪಸ್ಸು ಬರುವ ಬೆಳಕು ಕಡಿಮೆ. ಈ ಏರಿಳಿತ ಎಣಿಸಿದರೆ ನಾಡಿ ಸಿಕ್ಕಿತು. ಸುಮ್ಮನೆ ಕೂತಾಗ, ಮಲಗಿದಾಗ ಈ ಲೆಕ್ಕ ಚೆನ್ನಾಗಿ ಬರುತ್ತದೆ. ಕೈ ಬೀಸುತ್ತಾ ಓಡಿದರೆ, ಪಟ್ಟಿ ಸಡಿಲ ಇದ್ದರೆ, ಆ ಜಾಗದಲ್ಲಿ ಹಚ್ಚೆ ಇದ್ದರೆ ತಪ್ಪುತ್ತದೆ. ಓಡುವಾಗ ಕೆಲವು ವಾಚುಗಳು ನಾಡಿಯ ಬದಲು ಹೆಜ್ಜೆಯನ್ನೇ ಎಣಿಸಿ ತೋರಿಸುವುದೂ ಉಂಟು.

ರಕ್ತದ ಆಮ್ಲಜನಕಕ್ಕೆ ಕೆಂಪು ಮತ್ತು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಳಸುತ್ತಾರೆ. ಬೆರಳಿಗೆ ಹಾಕುವ ಕ್ಲಿಪ್ಪಿನಷ್ಟು ಇದು ಗಟ್ಟಿಯಲ್ಲ. ಆ ಕ್ಲಿಪ್ಪೂ ಕಪ್ಪು ಚರ್ಮದವರಲ್ಲಿ ಆಮ್ಲಜನಕ ಕಡಿಮೆಯಾದದ್ದನ್ನು ಜಾಸ್ತಿ ಸಲ ಹಿಡಿಯದೆ ಬಿಡುತ್ತದೆ ಅಂತ 2020ರಲ್ಲಿ ಅಮೆರಿಕದ ಆಸ್ಪತ್ರೆಗಳ ಅಧ್ಯಯನ ತೋರಿಸಿತು. ನಮ್ಮಂಥ ಮೈಬಣ್ಣದವರು ಇದನ್ನು ನೆನಪಿಡಬೇಕು.

ಕ್ಯಾಲೊರಿ ಲೆಕ್ಕವನ್ನು ಮರೆತುಬಿಡಿ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಏಳು ಕೈಪಟ್ಟಿಗಳನ್ನು ಪರೀಕ್ಷೆ ಮಾಡಿದರು. ಏಳರಲ್ಲಿ ಆರು ನಾಡಿಯನ್ನು ಶೇ. 5ರೊಳಗಿನ ತಪ್ಪಿನಲ್ಲಿ ಹೇಳಿದವು. ಕ್ಯಾಲೊರಿಯಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದದ್ದೇ ಶೇ. 27 ತಪ್ಪು, ಕಡೆಯದು ಶೇ. 93. "400 ಕ್ಯಾಲೊರಿ ಸುಟ್ಟಿದ್ದೀನಿ" ಅಂತ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುವ ಮೊದಲು ಇದು ತಲೆಯಲ್ಲಿರಲಿ. ನಿದ್ದೆಯಲ್ಲಿ ಎಷ್ಟು ಗಂಟೆಗೆ ಮಲಗಿ ಎಷ್ಟಕ್ಕೆ ಎದ್ದಿರಿ ಅನ್ನುವುದು ಸುಮಾರು ಸರಿ. ಗಾಢ ನಿದ್ದೆ ಇಷ್ಟು ನಿಮಿಷ, ಕನಸಿನ ನಿದ್ದೆ ಇಷ್ಟು ಅನ್ನುವುದು ಅಂದಾಜು. ಅದನ್ನು ಸರಿಯಾಗಿ ನೋಡಬೇಕಾದರೆ ತಲೆಗೆ ತಂತಿ ಅಂಟಿಸಿ ಮಲಗಿಸುತ್ತಾರೆ.

ಇನ್ನು ಬಿಪಿ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಜನ ಹೆಚ್ಚು ಮೋಸ ಹೋಗುವುದು ಇಲ್ಲೇ. ಎರಡು ವರ್ಷದ ಹಿಂದೆ ಭಾವ ಆನ್‌ಲೈನಿನಲ್ಲಿ 1,499 ರೂಪಾಯಿಗೆ ಒಂದು ವಾಚ್ ತರಿಸಿದರು. ಬಿಪಿ, ಆಕ್ಸಿಜನ್, ನಾಡಿ ಎಲ್ಲ ತೋರಿಸುತ್ತದೆ ಅಂತ ಡಬ್ಬಿ ಮೇಲೆ ಬರೆದಿತ್ತು. ಅಪ್ಪನ ಬಿಪಿ ಮಾತ್ರೆ ಜಾಸ್ತಿ ಆಯಿತೇನೋ ಅಂತ ಮನೆಯಲ್ಲಿ ಚರ್ಚೆ ನಡೆದಿತ್ತು. ವಾಚ್ ದಿನಾ 118/79 ಅನ್ನುತ್ತಿತ್ತು. ನಾನು ಊರಿಗೆ ಹೋದಾಗ ಅಡಿಗೆಮನೆಯಲ್ಲಿ ಕೋಸಂಬರಿಗೆ ಇಟ್ಟಿದ್ದ ಸೌತೆಕಾಯಿಗೆ ಅದನ್ನು ಬಿಗಿಯಾಗಿ ಕಟ್ಟಿದೆ. ಹಸಿರು ಬೆಳಕು ಮಿಣುಕಿತು. ಅರ್ಧ ನಿಮಿಷಕ್ಕೆ ನಾಡಿ 76, ಬಿಪಿ 117/78 ಅಂತ ಬಂತು. ಅಪ್ಪ ಮಾತಾಡಲಿಲ್ಲ. ಸೌತೆಕಾಯಿಯನ್ನೇ ನೋಡುತ್ತಾ ಕೂತರು. ಆ ದಿನ ಸಂಜೆ ತೋಳಿಗೆ ಕಟ್ಟುವ ಮಿಷನ್ನಿನಲ್ಲಿ ಅವರ ಬಿಪಿ 152/94 ಇತ್ತು. ಅವರು ಒಂದು ವಾರದಿಂದ ಮಾತ್ರೆ ಅರ್ಧ ಮಾಡಿದ್ದರು.

ಸ್ಯಾಮ್‌ಸಂಗ್ ವಾಚ್ ಬಿಪಿ ಹೇಳುತ್ತದೆ, ಆದರೆ ಮೊದಲು ತೋಳಿನ ಮಿಷನ್ನಿನಿಂದ ಅಳೆದು ಆ ಅಂಕಿ ಕೊಡಬೇಕು. 28 ದಿನಕ್ಕೊಮ್ಮೆ ಮತ್ತೆ ಕೊಡುತ್ತಲೇ ಇರಬೇಕು. ಅಂದರೆ ಮಿಷನ್ ಹೇಗೂ ಮನೆಯಲ್ಲಿ ಬೇಕು. ಪಟ್ಟಿಯಲ್ಲೇ ಗಾಳಿ ತುಂಬಿ ಅಳೆಯುವ ಹುವಾವೆ ವಾಚ್ ಡಿ ಥರದವು ಬೇರೆ ಜಾತಿ. ಆಪಲ್ 2025ರಲ್ಲಿ ತಂದದ್ದು ಬಿಪಿ ಅಂಕಿ ಹೇಳುವುದೇ ಇಲ್ಲ. 30 ದಿನದ ದಾಖಲೆ ನೋಡಿ "ಬಿಪಿ ಜಾಸ್ತಿ ಇರಬಹುದು, ತೋರಿಸಿ" ಅನ್ನುವ ಸೂಚನೆ ಅಷ್ಟೇ.

ಸಕ್ಕರೆ ಕಾಯಿಲೆ ಇರುವವರಿಗೆ ಇನ್ನೂ ಖಡಾಖಂಡಿತವಾಗಿ ಹೇಳುತ್ತೇನೆ. ಚರ್ಮ ಚುಚ್ಚದೆ ಶುಗರ್ ಅಳೆಯುವ ಯಾವ ವಾಚಿಗೂ ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿತು. ಅಂಥ ವಾಚ್ ನೋಡಿ ಇನ್ಸುಲಿನ್ ತಗೊಂಡರೆ ಪ್ರಾಣಕ್ಕೇ ಸಂಚಕಾರ.

ಎರಡು ಸಾವಿರದಿಂದ ಐದು ಸಾವಿರದೊಳಗೆ

ಈ ಬೆಲೆಗೆ ಎರಡು ಥರ ಸಿಗುತ್ತದೆ. ಒಂದು, ದೊಡ್ಡ ಪರದೆಯ ಅಗ್ಗದ ವಾಚ್. ಇನ್ನೊಂದು, ಸಣ್ಣ ಬ್ಯಾಂಡ್: ಸ್ಯಾಮ್‌ಸಂಗ್ ಗ್ಯಾಲಕ್ಸಿ ಫಿಟ್ 3 ಥರದ್ದು.

ಅಗ್ಗದ ವಾಚಿನಲ್ಲಿ ಅಂಕಿ ದಪ್ಪಗೆ ಕಾಣುತ್ತದೆ, ಫೋನ್ ಕರೆಗೆ ಕೈಯಲ್ಲೇ ಉತ್ತರಿಸಬಹುದು. ಕಾಲೇಜು ಹುಡುಗರಿಗೆ, ಗಾಡಿ ಓಡಿಸುವವರಿಗೆ, ಕಣ್ಣು ಮಂಜಾದವರಿಗೆ ಅದು ಅನುಕೂಲವೇ. ಸಮಯ, ಕರೆ, ಹೆಜ್ಜೆ ಇಷ್ಟಕ್ಕೆ ತಗೊಳ್ಳಿ. ಆರೋಗ್ಯಕ್ಕೆ ಅಂತ ತಗೋಬೇಡಿ.

ಆರೋಗ್ಯಕ್ಕೇ ಆದರೆ ಇದೇ ದುಡ್ಡಿಗೆ ಬ್ಯಾಂಡ್ ಒಳ್ಳೆಯದು. ಹಗುರ, ಮಲಗಿದಾಗ ಚುಚ್ಚುವುದಿಲ್ಲ, ಚಾರ್ಜು ಒಂದು ವಾರದ ಮೇಲೆ ಬರುತ್ತದೆ. ಹಾಗಾಗಿ ಕೈಯಲ್ಲಿ ಉಳಿಯುತ್ತದೆ. ಮೂರು ತಿಂಗಳ ದಾಖಲೆ ಸಿಗುವುದು ಇದರಲ್ಲೇ. ಪರದೆ ಸಣ್ಣದು, ಜಿಪಿಎಸ್ ಸಾಮಾನ್ಯವಾಗಿ ಇರುವುದಿಲ್ಲ. ನನ್ನ ಮೊದಲ ಬ್ಯಾಂಡಿನಲ್ಲಿ ಕನ್ನಡ ಮೆಸೇಜ್ ಬಂದರೆ ಒತ್ತಕ್ಷರ ಒಡೆದು ಚೆಲ್ಲಾಪಿಲ್ಲಿಯಾಗಿ ಕಾಣುತ್ತಿತ್ತು. ಅಂಗಡಿಯಲ್ಲೇ "ಅಕ್ಕ ಊಟಕ್ಕೆ ಬಾ" ಅಂತ ಒಂದು ಮೆಸೇಜ್ ಕಳಿಸಿ ನೋಡಿ.

ಹೆಜ್ಜೆ ಎಣಿಕೆ ಬಗ್ಗೆ ಒಂದು ಮಾತು. ಹತ್ತು ಸಾವಿರ ಅನ್ನುವ ಗುರಿ ಯಾವ ವೈದ್ಯರ ಸಂಶೋಧನೆಯಿಂದಲೂ ಬಂದದ್ದಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಿತು. ಅದರ ಹೆಸರು 'ಮಾನ್ಪೊಕೆಯ್', ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. 2019ರಲ್ಲಿ ವಯಸ್ಸಾದ ಹೆಂಗಸರ ಮೇಲೆ ನಡೆದ ಅಮೆರಿಕದ ಅಧ್ಯಯನದಲ್ಲಿ ದಿನಕ್ಕೆ ಸುಮಾರು 4,400 ಹೆಜ್ಜೆಗೇ ಲಾಭ ಕಂಡಿತು. 7,500ರ ಸುಮಾರಿಗೆ ಆ ಲಾಭ ಹೆಚ್ಚುವುದು ನಿಂತಿತು. ಹಾಗಾಗಿ ಮಂಡಿನೋವಿರುವ ಅಮ್ಮನನ್ನು ಹತ್ತು ಸಾವಿರಕ್ಕೆ ಓಡಿಸಬೇಡಿ. ಬೈಕಿನಲ್ಲಿ ಗುಂಡಿ ಹಾರಿಸಿಕೊಂಡು ಬಂದರೂ, ಚಪಾತಿ ಲಟ್ಟಿಸಿದರೂ ಹೆಜ್ಜೆ ಸೇರುತ್ತದೆ ಅನ್ನುವುದೂ ನೆನಪಿರಲಿ.

ಆಪಲ್ ಮತ್ತು ಸ್ಯಾಮ್‌ಸಂಗ್

ಇವಕ್ಕೆ ದುಡ್ಡು ಹಾಕುವುದಕ್ಕೆ ಎರಡು ಗಟ್ಟಿ ಕಾರಣ ಇದೆ: ಹೃದಯದ ತಾಳ ತಪ್ಪಿದ್ದನ್ನು ಗಮನಿಸುವುದು, ಮತ್ತು ಬಿದ್ದಾಗ ಸುದ್ದಿ ಮುಟ್ಟಿಸುವುದು.

ಮೊದಲನೆಯದು ಏಟ್ರಿಯಲ್ ಫಿಬ್ರಿಲೇಷನ್ ಅನ್ನುವ ತೊಂದರೆಗೆ. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಬಡಿಯದೆ ನಡುಗುತ್ತವೆ, ಒಳಗೆ ರಕ್ತ ಹೆಪ್ಪುಗಟ್ಟಬಹುದು, ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವ. ಎಷ್ಟೋ ಜನರಲ್ಲಿ ಬಂದು ಹೋಗುವ ತೊಂದರೆ ಇದು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಎಲ್ಲ ಸರಿಯಾಗಿರುತ್ತದೆ. ಹಾಗಾಗಿ ಕೈಯಲ್ಲೇ ಇರುವ ಇಸಿಜಿಗೆ ಬೆಲೆ. ಡವಡವ ಅಂದ ಕೂಡಲೇ ಬೆರಳು ಒತ್ತಿ 30 ಸೆಕೆಂಡ್ ಕೂತರೆ ಒಂದು ಗೆರೆ ಸಿಗುತ್ತದೆ, ಅದನ್ನು ವೈದ್ಯರಿಗೆ ತೋರಿಸಬಹುದು. ಆಸ್ಪತ್ರೆಯ ಇಸಿಜಿ ಹೃದಯವನ್ನು 12 ದಿಕ್ಕಿನಿಂದ ನೋಡಿದರೆ ಇದು ಒಂದೇ ದಿಕ್ಕಿನಿಂದ ನೋಡುತ್ತದೆ. 2019ರಲ್ಲಿ ಪ್ರಕಟವಾದ ಆಪಲ್ ಹಾರ್ಟ್ ಸ್ಟಡಿಯಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಇದ್ದರು. ಎಚ್ಚರಿಕೆ ಬಂದದ್ದು ಶೇ. 0.52 ಜನಕ್ಕೆ. ಅವರಲ್ಲಿ ಆಮೇಲೆ ಎದೆಗೆ ಇಸಿಜಿ ಪಟ್ಟಿ ಅಂಟಿಸಿಕೊಂಡು, ಅದನ್ನು ಪರೀಕ್ಷೆಗೆ ವಾಪಸ್ಸು ಕಳಿಸಿದವರ ಪೈಕಿ ಶೇ. 34 ಜನರಲ್ಲಿ ಈ ತೊಂದರೆ ಕಂಡಿತು. ಎಚ್ಚರಿಕೆ ಬಂದ ಮಾತ್ರಕ್ಕೆ ಕಾಯಿಲೆ ಅಂತಲ್ಲ, ಬಾರದಿದ್ದರೆ ಆರೋಗ್ಯ ಅಂತಲೂ ಅಲ್ಲ. 65 ದಾಟಿದವರಿಗೆ, ಮನೆಯಲ್ಲಿ ಲಕ್ವದ ಇತಿಹಾಸ ಇರುವವರಿಗೆ ಇದು ಯೋಚಿಸಬೇಕಾದ ಖರ್ಚು. 25ರ ಆರೋಗ್ಯವಂತ ಹುಡುಗನಿಗೆ ಅಷ್ಟು ಅಗತ್ಯ ಇಲ್ಲ.

ಆಪಲ್‌ನಲ್ಲಿ ಎಸ್‌ಇ ಮಾದರಿ 25 ಸಾವಿರದ ಆಸುಪಾಸು. ಅದರಲ್ಲಿ ಇಸಿಜಿ ಇಲ್ಲ, ಬಿದ್ದದ್ದು ಗೊತ್ತುಮಾಡುವುದು ಇದೆ. ಇಸಿಜಿ ಬೇಕಾದರೆ ಹೊಸ ಮಾದರಿ 45 ಸಾವಿರ ದಾಟುತ್ತದೆ. ಸ್ಯಾಮ್‌ಸಂಗ್‌ನ ಹಿಂದಿನ ವರ್ಷದ ಮಾದರಿ ಆಫರಿನಲ್ಲಿ ಚೆನ್ನಾಗಿ ಇಳಿಯುತ್ತದೆ, ಸ್ಯಾಮ್‌ಸಂಗ್ ಫೋನ್ ಇದ್ದವರಿಗೆ ದುಡ್ಡಿಗೆ ತಕ್ಕದ್ದು ಅದೇ. ಅದರಲ್ಲಿ ಮೈಯ ಕೊಬ್ಬು ಅಳೆಯುವುದೂ ಇದೆ. ಪೇಸ್‌ಮೇಕರ್ ಇರುವವರು ಅದನ್ನು ಮುಟ್ಟಬಾರದು. ಎರಡಕ್ಕೂ ದೊಡ್ಡ ಕೊರತೆ ಚಾರ್ಜು: ಒಂದು ದಿನ, ಹೆಚ್ಚೆಂದರೆ ಒಂದೂವರೆ.

ಬಿದ್ದಾಗ ಕರೆ ಹೋಗುವ ವಿಷಯದಲ್ಲಿ ನಮ್ಮ ಮನೆಯದ್ದೇ ಹೇಳುತ್ತೇನೆ. ಅಪ್ಪನಿಗೆ ಅಂತ ಇದನ್ನೇ ಯೋಚಿಸಿದ್ದೆ. ಊರು ಸಾಗರದ ಹತ್ತಿರ, ಅಡಿಕೆ ತೋಟ ಮನೆಯಿಂದ ಕೆಳಗೆ. ಅಪ್ಪ ಕತ್ತಿ ಹಿಡಿದು ತೋಟಕ್ಕೆ ಇಳಿಯುವಾಗ ಫೋನ್ ಜಗುಲಿಯ ಕಿಟಕಿಯಲ್ಲಿ ಚಾರ್ಜಿಗಿರುತ್ತದೆ. ಸಾಮಾನ್ಯ ವಾಚ್ ಕರೆ ಮಾಡುವುದು ಹತ್ತಿರ ಇರುವ ಫೋನಿನ ಮೂಲಕ. ಫೋನ್ ಜಗುಲಿಯಲ್ಲಿದ್ದರೆ ತೋಟದಲ್ಲಿ ಬಿದ್ದದ್ದು ಯಾರಿಗೂ ಗೊತ್ತಾಗುವುದಿಲ್ಲ. ಇ-ಸಿಮ್, ಅಂದರೆ ಒಳಗೇ ಸಿಮ್ ಇರುವ ವಾಚ್ ತಗೊಂಡರೆ ಫೋನ್ ಜೊತೆಗಿರಬೇಕಿಲ್ಲ, ಆದರೆ ಆ ಸಿಮ್ ಕಂಪನಿಯ ಸಿಗ್ನಲ್ ತೋಟದಲ್ಲಿ ಸಿಗಬೇಕು. ನಮ್ಮಲ್ಲಿ ಯಾವುದೂ ಸಿಗಲಿಲ್ಲ. ಅಪ್ಪನಿಗೆ ಕೊರಳಿಗೆ ಒಂದು ಸೀಟಿ ಕೊಡಿಸಿದೆವು, ತೋಳಿನ ಬಿಪಿ ಮಿಷನ್ ಕೊಡಿಸಿದೆವು. ಅದೇ ವಾಚ್ ಬೆಂಗಳೂರಿನಲ್ಲಿ ಒಬ್ಬರೇ ಇರುವ ನನ್ನ ಅತ್ತೆಗೆ ಸರಿಹೋಯಿತು. ಅಪಾರ್ಟ್‌ಮೆಂಟಿನಲ್ಲಿ ಸಿಗ್ನಲ್ ಇದೆ, ಫೋನ್ ಪಕ್ಕದ ಕೋಣೆಯಲ್ಲೇ ಇರುತ್ತದೆ. ಕೊಡಿಸುವಾಗ ಸೆಟ್ಟಿಂಗಿನಲ್ಲಿ ಅವರ ಸರಿಯಾದ ವಯಸ್ಸು ಹಾಕಿ. ಆಪಲ್‌ನಲ್ಲಿ 55 ದಾಟಿದ್ದರೆ ಇದು ತಾನಾಗಿಯೇ ಶುರುವಾಗುತ್ತದೆ, ಇಲ್ಲದಿದ್ದರೆ ನೀವೇ ಆನ್ ಮಾಡಬೇಕು.

ಓಡುವವರಿಗೆ

ಕಬ್ಬನ್ ಪಾರ್ಕಿನಲ್ಲಿ ಬೆಳಗ್ಗೆ ಐದೂವರೆಗೆ ಓಡುವವರ ಕೈ ನೋಡಿ, ಗಾರ್ಮಿನ್ ಕಂಪನಿಯ ವಾಚೇ ಜಾಸ್ತಿ. ಸರಿಯಾದ ಕಾರಣಕ್ಕೇ. ಜಿಪಿಎಸ್ ಚೆನ್ನಾಗಿದೆ, ಒತ್ತುವ ಗುಂಡಿ ಇದೆ, ಬೆವರಿದ ಕೈಯಲ್ಲಿ ಪರದೆ ಉಜ್ಜಬೇಕಿಲ್ಲ, ಚಾರ್ಜು ವಾರದ ಮೇಲೆ ಬರುತ್ತದೆ. ಫೋರ್‌ರನ್ನರ್ ಸಾಲಿನ ಸಣ್ಣ ಮಾದರಿ ಸುಮಾರು 20 ಸಾವಿರದಿಂದ ಶುರು. ಅದಕ್ಕಿಂತ ಕಡಿಮೆಗೆ ಅಮೇಜ್‌ಫಿಟ್ ನೋಡಬಹುದು. ನಾಡಿ ನಿಖರವಾಗಿ ಬೇಕಾದರೆ ಎದೆಗೆ ಕಟ್ಟುವ ಪಟ್ಟಿ ಸೇರಿಸಿ. ಅದು ಬೆಳಕಿನಿಂದಲ್ಲ, ಹೃದಯದ ವಿದ್ಯುತ್ತಿನಿಂದ ಲೆಕ್ಕ ಹಾಕುತ್ತದೆ. ದುಬಾರಿ ವಾಚಿಗಿಂತ ಅಗ್ಗದ ವಾಚ್ ಮತ್ತು ಎದೆಪಟ್ಟಿ ಉತ್ತಮ ಜೋಡಿ.

ಉಂಗುರ

ಬೆರಳಿಗೆ ಹಾಕುವ ಈ ಉಂಗುರಗಳಲ್ಲಿ ಒಂದು ನಮ್ಮ ಬೆಂಗಳೂರಿನ ಕಂಪನಿ ಅಲ್ಟ್ರಾಹ್ಯೂಮನ್‌ನದ್ದು. ಫಿನ್ಲೆಂಡಿನ ಔರಾ, ಸ್ಯಾಮ್‌ಸಂಗ್ ಉಂಗುರವೂ ಇವೆ. ಇವಕ್ಕೆ ಸುಮಾರು 25 ಸಾವಿರದ ಲೆಕ್ಕ ಇಟ್ಟುಕೊಳ್ಳಿ. ಔರಾಗೆ ತಿಂಗಳ ಚಂದಾ ಬೇರೆ.

ನಿದ್ದೆಗೆ ಇದರಷ್ಟು ಹಿತವಾದದ್ದು ಇಲ್ಲ, ಹಾಕಿಕೊಂಡದ್ದೇ ಮರೆತುಹೋಗುತ್ತದೆ. ಬಳೆ ತೊಡುವವರಿಗೂ ಇದು ಒಳ್ಳೆಯದು. ಅಮ್ಮನ ಕೈಯಲ್ಲಿ ಗಾಜಿನ ಬಳೆಗಳು ವಾಚಿಗೆ ಬಡಿದು ಅದನ್ನು ಮಣಿಕಟ್ಟಿನ ಮೂಳೆಯ ಮೇಲೇ ತಳ್ಳುತ್ತಿದ್ದವು. ವಾಚ್ ಆ ಮೂಳೆಯಿಂದ ಒಂದು ಬೆರಳು ಮೇಲೆ ಇರಬೇಕು, ಇಲ್ಲದಿದ್ದರೆ ನಾಡಿ ತಪ್ಪುತ್ತದೆ. ಮೈಯ ಬಿಸಿ ರಾತ್ರಿಯೆಲ್ಲ ಅಳೆಯುವುದರಿಂದ ಮುಟ್ಟಿನ ಲೆಕ್ಕಕ್ಕೂ ನೆರವಾಗುತ್ತದೆ. ಆದರೆ ಪರದೆ ಇಲ್ಲ, ಬ್ಯಾಟರಿ ಬದಲಾಯಿಸಲಾಗುವುದಿಲ್ಲ. ಹಿಟ್ಟು ಕಲಸುವಾಗ, ಪಾತ್ರೆ ಉಜ್ಜುವಾಗ, ಜಿಮ್ಮಿನಲ್ಲಿ ಕಬ್ಬಿಣ ಹಿಡಿದಾಗ ತೆಗೆಯಬೇಕು. ತೆಗೆದಿಟ್ಟದ್ದು ಸಿಂಕಿನಲ್ಲಿ ಹೋದರೆ 25 ಸಾವಿರ ಹೋಯಿತು.

ನಿದ್ದೆಯ ಅಂಕ ನೋಡಿ ನೋಡಿ ನಿದ್ದೆ ಕೆಟ್ಟವರೂ ಇದ್ದಾರೆ. 2017ರಲ್ಲಿ ವೈದ್ಯರು ಅದಕ್ಕೆ ಆರ್ಥೋಸೋಮ್ನಿಯಾ ಅಂತ ಹೆಸರೇ ಇಟ್ಟರು. ಸಣ್ಣದಕ್ಕೂ ಗಾಬರಿ ಬೀಳುವ ಸ್ವಭಾವ ನಿಮ್ಮದಾದರೆ ಉಂಗುರವೂ ಬೇಡ, ರಾತ್ರಿ ವಾಚೂ ಬೇಡ.

ನನ್ನನ್ನು ಕೇಳಿದರೆ

ಬಿಪಿ ಇರುವ ಅಪ್ಪ ಅಮ್ಮನಿಗೆ ಐದು ಸಾವಿರ ಇದ್ದರೆ, ಎರಡು ಎರಡೂವರೆ ಸಾವಿರಕ್ಕೆ ತೋಳಿನ ಬಿಪಿ ಮಿಷನ್, ಉಳಿದದ್ದಕ್ಕೆ ಬ್ಯಾಂಡ್. ಐದು ನಿಮಿಷ ಒರಗಿ ಕೂತು, ತೋಳು ಎದೆಯ ಮಟ್ಟಕ್ಕೆ ಇಟ್ಟು, ಎರಡು ಸಲ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡಲಿ. ಪೇಟೆಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ಅವರ ಫೋನಿಗೆ ಹೊಂದುವ, ಬಿದ್ದದ್ದು ತಿಳಿಸುವ ವಾಚ್. ನಡೆಯಲು ಶುರುಮಾಡಿದವರಿಗೆ ಬ್ಯಾಂಡ್ ಸಾಕು, ಒಂದು ವರ್ಷ ಬಿಡದೆ ಕಟ್ಟಿದರೆ ಆಮೇಲೆ ದೊಡ್ಡದು ನೋಡಿ. ಡವಡವ ಅನ್ನುವವರು ಮೊದಲು ವೈದ್ಯರ ಹತ್ತಿರ ಹೋಗಿ, ಇಸಿಜಿ ವಾಚ್ ತಗೊಳ್ಳಲಾ ಅಂತ ಅವರನ್ನೇ ಕೇಳಿ.

ತಗೊಂಡ ಮೇಲೆ ವಾಪಸ್ಸು ಕೊಡುವ ಗಡುವು ಮುಗಿಯುವ ಮೊದಲು ಒಂದು ಪರೀಕ್ಷೆ ಮಾಡಿ. ಬೆಳಗ್ಗೆ ಎದ್ದ ಕೂಡಲೇ, ಕಾಫಿಗೆ ಮೊದಲು, ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟು 30 ಸೆಕೆಂಡ್ ನಾಡಿ ಎಣಿಸಿ, ಎರಡರಿಂದ ಗುಣಿಸಿ, ವಾಚಿನ ಅಂಕಿ ಜೊತೆ ಹೋಲಿಸಿ. ಮೂರು ದಿನ ಹೀಗೆ ಮಾಡಿ. ಎರಡು ಮೂರು ಬಡಿತದ ವ್ಯತ್ಯಾಸ ಪರವಾಗಿಲ್ಲ. ಹತ್ತು ಹದಿನೈದು ಬಂದರೆ ಪಟ್ಟಿ ಬಿಗಿ ಮಾಡಿ ಇನ್ನೊಮ್ಮೆ ನೋಡಿ, ಆಗಲೂ ಹಾಗೇ ಇದ್ದರೆ ಡಬ್ಬಿಗೆ ಹಾಕಿ ವಾಪಸ್ಸು ಕಳಿಸಿ.